ಮಳೆ ಬಿಟ್ಟ ಕೊಡಗಿನಲ್ಲಿ ವ್ಯಾನ್ ಅಡುಗೆ: ಒಂದೇ ಒಲೆಯಲ್ಲಿ ಬಿಸಿಬಿಸಿ ಊಟಕ್ಕೆ ಸಮಗ್ರ ಮಾರ್ಗದರ್ಶಿ

ಕುಶಾಲನಗರ ದಾಟಿ ಸುಂಟಿಕೊಪ್ಪದ ಕಡೆ ಏರು ಶುರುವಾಗುತ್ತಿದ್ದಂತೆ ಹಿಂದೆ ಕೂತ ನಮ್ಮತ್ತೆ ಶಾಲು ಎಳೆದುಕೊಳ್ಳುತ್ತಾರೆ. "ಬಂತು ನೋಡಮ್ಮ ಕೊಡಗು" ಅನ್ನುತ್ತಾರೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಅಷ್ಟರೊಳಗೆ ಸುಮಾರು 770 ಮೀಟರ್ ಎತ್ತರದಿಂದ 1,150 ಮೀಟರ್ ಆಸುಪಾಸಿಗೆ ಏರಿರುತ್ತೇವೆ. ಆಶ್ವೀಜ, ಕಾರ್ತಿಕದ ದಿನಗಳಲ್ಲಿ ಈ ಏರು ಮೈಗೇ ಗೊತ್ತಾಗುತ್ತದೆ. ಹಗಲು ಎಳೆಬಿಸಿಲು, ಮಧ್ಯಾಹ್ನ ಹಿಂಗಾರಿನ ಒಂದು ಜಡಿ, ಸಂಜೆ ಐದೂವರೆಗೆಲ್ಲ ಮಂಜು. ಆ ಹೊತ್ತಿಗೆ ವ್ಯಾನಿನಲ್ಲಿ ಬಿಸಿ ಸಾರು ಸಿದ್ಧವಿದ್ದರೆ ರಾತ್ರಿ ಚೆನ್ನಾಗಿ ಕಳೆಯುತ್ತದೆ. ಇಲ್ಲದಿದ್ದರೆ ಎಪ್ಪತ್ತು ದಾಟಿದ ನಮ್ಮತ್ತೆಯ ಮಂಡಿನೋವು ಎಲ್ಲರ ನಿದ್ದೆಯನ್ನೂ ಕೆಡಿಸುತ್ತದೆ.

ನಮ್ಮದು ಹಳೆಯ ಟೆಂಪೊ ಟ್ರಾವೆಲರ್. ಹಾಸಿಗೆ, ಒಂದು ಕಟ್ಟೆ, ಒಂದು ಒಲೆ, ಮೇಲೊಂದು ಫ್ಯಾನ್ ಹಾಕಿಸಿಕೊಂಡಿದ್ದೇವೆ. ಮೊದಲ ಸಲ ಹೋದಾಗ ಆ ಫ್ಯಾನ್ ಇರಲಿಲ್ಲ. ಕೊಡಗಿಗೆ ಬಂದ ಮೇಲೆ ಕಡಂಬುಟ್ಟು (ಅಕ್ಕಿ ತರಿಯ ಹಬೆ ಉಂಡೆ) ಮಾಡದಿದ್ದರೆ ಹೇಗೆ ಎಂದು 20 ನಿಮಿಷ ಹಬೆಯಲ್ಲಿ ಬೇಯಿಸಿದೆ, ಚಳಿ ಎಂದು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು. ಊಟವೇನೋ ಚೆನ್ನಾಗಿಯೇ ಆಯಿತು. ರಾತ್ರಿ ಎರಡು ಗಂಟೆಗೆ ಚಾವಣಿಯ ತಗಡಿನಿಂದ ಮುಖದ ಮೇಲೆ ಹನಿ ಬಿತ್ತು. ಎದ್ದು ನೋಡಿದರೆ ಗಾಜೆಲ್ಲ ನೀರು, ಕಂಬಳಿ ತಣ್ಣಗೆ ಒದ್ದೆ. ಮುಂದಿನ ಎರಡು ದಿನ ಬಿಸಿಲೇ ಬರಲಿಲ್ಲ, ಕಂಬಳಿ ಒಣಗಲೂ ಇಲ್ಲ. ಕಂಬಳಿ ಒದ್ದೆಯಾದದ್ದು ಸಣ್ಣ ವಿಷಯ. ಮುಚ್ಚಿದ ವ್ಯಾನಿನಲ್ಲಿ ಅಷ್ಟು ಹೊತ್ತು ಒಲೆ ಉರಿಸಿದ್ದು ಎಷ್ಟು ಅಪಾಯ ಅನ್ನುವುದು ಆಮೇಲೆ ತಿಳಿಯಿತು.

ಅಂದಿನಿಂದ ನನ್ನ ವ್ಯಾನ್ ಅಡುಗೆ ಒಂದೇ ಮಾತಿನ ಮೇಲೆ ನಿಂತಿದೆ: ಬಿಸಿ ಪಾತ್ರೆಯೊಳಗೆ ಉಳಿಯಬೇಕು, ಆವಿ ವ್ಯಾನಿನಿಂದ ಆಚೆ ಹೋಗಬೇಕು. ಮುಂದೆ ಹೇಳುವ ಒಲೆ, ಪಾತ್ರೆ, ಅಡುಗೆ, ಹೊತ್ತು ಎಲ್ಲವನ್ನೂ ಇದನ್ನಿಟ್ಟುಕೊಂಡೇ ಆರಿಸಿದ್ದೇನೆ.

ಮೊದಲು ಜಾಗ, ಆಮೇಲೆ ಒಲೆ

ಅಡುಗೆ ಶುರುವಾಗುವುದು ವ್ಯಾನ್ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರಿಂದ. ಕೊಡಗಿನಲ್ಲಿ ಹೋಂಸ್ಟೇಗಳಿಗೆ ಕೊರತೆಯಿಲ್ಲ. ಮೊದಲೇ ಫೋನ್ ಮಾಡಿ, ಅಂಗಳದಲ್ಲಿ ವ್ಯಾನ್ ನಿಲ್ಲಿಸಿಕೊಂಡು ನಾವೇ ಅಡುಗೆ ಮಾಡಿಕೊಳ್ಳಬಹುದಾ ಎಂದು ಕೇಳಿ. ಅದಕ್ಕೆ ತಕ್ಕ ಹಣ ಕೊಡಿ. ನೀರು, ಶೌಚಾಲಯ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನೀವು ಅಲ್ಲಿದ್ದೀರಿ ಅನ್ನುವುದು ಊರಿನ ಒಬ್ಬರಿಗಾದರೂ ಗೊತ್ತಿರುತ್ತದೆ.

ಕಾಡಿನ ರಸ್ತೆ ಬದಿ, ತೋಟದ ಬೇಲಿ ಪಕ್ಕ, ಹೊಳೆ ದಂಡೆ ಮೂರೂ ಬೇಡ. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಕುಟ್ಟದ ಕಡೆ ತೋಟಗಳಿಗೆ ಆನೆ ಬರುವುದು ದಿನನಿತ್ಯದ ಮಾತು. ಬಾಳೆಹಣ್ಣು, ಬೆಲ್ಲದ ವಾಸನೆ ಅವಕ್ಕೆ ದೂರದಿಂದಲೇ ತಿಳಿಯುತ್ತದೆ. ನಾಗರಹೊಳೆ ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿದೆ, ಗೇಟಿಗೆ ತಡವಾಗಿ ಹೋಗಿ ಸಿಕ್ಕಿಕೊಳ್ಳಬೇಡಿ. ಹೊಸದಾಗಿ ಮಣ್ಣು ಕಡಿದ ಗುಡ್ಡದ ಬರೆಯ ಕೆಳಗೆ ವ್ಯಾನ್ ನಿಲ್ಲಿಸಲೇಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಇಲ್ಲಿಯ ಯಾರೂ ಮರೆತಿಲ್ಲ. ನೀರು ಕುಡಿದ ಮಣ್ಣಿಗೆ ಹಿಂಗಾರಿನ ಒಂದು ದೊಡ್ಡ ಮಳೆ ಸಾಕು. ಸಿಲ್ವರ್ ಓಕ್ ಮರದ ಬುಡವೂ ಬೇಡ: ಮಳೆ ನಿಂತ ಮೇಲೂ ಗಂಟೆಗಟ್ಟಲೆ ಹನಿಯುತ್ತದೆ, ಒಣಗಿದ ರೆಂಬೆ ಬೀಳುತ್ತದೆ.

ನೆಲ ಮಟ್ಟಸವಾಗಿರಲಿ. ಒಂದು ಬಟ್ಟಲಿಗೆ ನೀರು ಹಾಕಿ ಅಡುಗೆ ಕಟ್ಟೆಯ ಮೇಲಿಡಿ. ನೀರು ಓರೆಯಾಗಿ ನಿಂತರೆ ಚಕ್ರದ ಕೆಳಗೆ ಹಲಗೆ ಕೊಡಿ. ಓರೆಯಾದ ಒಲೆಯ ಮೇಲೆ ಕುಕ್ಕರ್ ಜಾರುತ್ತದೆ. ಗಾಳಿ ಬರುವ ಕಡೆಗೆ ವ್ಯಾನಿನ ಬೆನ್ನು, ಮರೆಯ ಕಡೆಗೆ ಬಾಗಿಲು ಇರಲಿ. ಬಾಗಿಲ ಮೇಲಿಂದ ಒಂದು ಟಾರ್ಪಾಲಿನ್ ಇಳಿಸಿ ಕಟ್ಟಿದರೆ ಅದೇ ನಿಮ್ಮ ಹೊರಗಿನ ಅಡುಗೆಮನೆ. ಹೆಚ್ಚು ಆವಿ ಬರುವ ಅಡುಗೆಯೆಲ್ಲ ಅಲ್ಲಿ.

ಒಲೆ, ಗ್ಯಾಸ್ ಮತ್ತು ಗಾಳಿ

ಈ ಭಾಗವನ್ನು ದಯವಿಟ್ಟು ಅವಸರದಲ್ಲಿ ಓದಬೇಡಿ.

ಗ್ಯಾಸ್ ಉರಿಯುವಾಗ ನೀರು ಹುಟ್ಟುತ್ತದೆ. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆಜಿಗೂ ಹೆಚ್ಚು ನೀರು ಆವಿಯಾಗಿ ಗಾಳಿ ಸೇರುತ್ತದೆ. ದಿನಕ್ಕೆ ಕಾಲು ಕೆಜಿ ಗ್ಯಾಸ್ ಉರಿಸಿದರೂ ಎರಡು ಲೋಟದಷ್ಟು ನೀರು, ಪಾತ್ರೆಯಿಂದ ಏಳುವ ಹಬೆ ಬೇರೆ. ಕೊಡಗಿನ ಸಂಜೆಯ ಗಾಳಿ ಮೊದಲೇ ತೇವ ಕುಡಿದಿರುತ್ತದೆ, ಇದಕ್ಕೆ ಹೋಗಲು ಜಾಗವಿಲ್ಲ. ತಣ್ಣನೆಯ ತಗಡು, ಗಾಜು ಸಿಕ್ಕಲ್ಲಿ ಹನಿಯಾಗಿ ಕೂರುತ್ತದೆ.

ಎರಡನೆಯದು ಇದಕ್ಕಿಂತ ಗಂಭೀರ. ಗಾಳಿ ಸಾಲದೆ ಉರಿದ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ತೂಕಡಿಕೆ, ಆಮೇಲೆ ಎಚ್ಚರವೇ ಇರುವುದಿಲ್ಲ. ಚಳಿ ಕಾಯಿಸಲು ಒಲೆ ಹಚ್ಚಿಡುವುದು, ಕೆಂಡದ ಬಾಣಲೆ ಒಳಗೆ ತಂದಿಡುವುದು ಎರಡನ್ನೂ ಎಂದಿಗೂ ಮಾಡಬೇಡಿ. ಒಲೆ ಇರುವುದು ಅಡುಗೆಗೆ ಮಾತ್ರ. ಒಲೆ ಉರಿಯುವಾಗ ಎದುರುಬದುರು ಎರಡು ಕಿಟಕಿ ನಾಲ್ಕು ಬೆರಳಷ್ಟು ತೆಗೆದಿರಲಿ, ಮೇಲಿನ ಫ್ಯಾನ್ ಹೊರಕ್ಕೆ ಎಳೆಯುತ್ತಿರಲಿ. ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಫ್ಯಾನ್ ಓಡಲಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ಅಡುಗೆಗೆ ಒಂದು ಪಾತ್ರೆ ಕಡಿಮೆ ಕೊಂಡರೂ ಸರಿ, ಅದನ್ನು ಕೊಳ್ಳಿ.

ಸೋರಿದ ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡಿ ಕೂರುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಆಚೆಗೆ ತೆರೆದ ತೂತು ಇರಬೇಕು. ನಮ್ಮ ವ್ಯಾನಿನ ಕೆಲಸ ಮಾಡಿದವರು ಅದನ್ನು ಬಿಟ್ಟಿದ್ದರು, ನಾವು ಆಮೇಲೆ ಹೇಳಿ ಮಾಡಿಸಿಕೊಂಡೆವು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬೆಲ್ಟಿನಿಂದ ಬಿಗಿದಿರಬೇಕು. ವ್ಯಾನ್ ಓಡುವಾಗ ರೆಗ್ಯುಲೇಟರ್ ಮುಚ್ಚಿರಬೇಕು. ಘಾಟಿಯ ತಿರುವಿನಲ್ಲಿ ಕುಲುಕಿ ಬಂದ ಮೇಲೆ ಪ್ರತಿ ಸಲವೂ ಪೈಪಿನ ಎರಡು ತುದಿಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸರಿ ಮಾಡಿಸುವವರೆಗೆ ಒಲೆ ಹಚ್ಚಬೇಡಿ.

ಯಾವ ಗ್ಯಾಸ್? ತೈಲ ಕಂಪನಿಗಳೇ ಮಾರುವ 5 ಕೆಜಿ ಸಿಲಿಂಡರ್ ನನ್ನ ಆಯ್ಕೆ. ದಿನಕ್ಕೆ ಒಂದೂವರೆ ಗಂಟೆ ಒಂದು ಒಲೆ ಉರಿಸಿದರೆ ಸುಮಾರು 250 ಗ್ರಾಂ ಖರ್ಚು, ವಾರದ ಪ್ರವಾಸಕ್ಕೆ ಧಾರಾಳ. ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಅಂಗಡಿಯಲ್ಲೇ ತುಂಬಿಸಿ ಕೊಡುವವರ ತಂಟೆಗೆ ಹೋಗಬೇಡಿ. ಬ್ಯುಟೇನ್ ಡಬ್ಬಿಯ ಪುಟ್ಟ ಒಲೆ ಹೊರಗಿನ ಅಡುಗೆಗೆ ಅನುಕೂಲ. ಆದರೆ ಉರಿಯುತ್ತ ಉರಿಯುತ್ತ ಡಬ್ಬಿ ತಣ್ಣಗಾಗಿ ಉರಿ ಕುಗ್ಗುತ್ತದೆ. ಕುಗ್ಗಿತೆಂದು ಡಬ್ಬಿಗೆ ಬಿಸಿ ತಾಗಿಸಬೇಡಿ. ಡಬ್ಬಿಯ ಮೇಲಕ್ಕೆ ಚಾಚುವಷ್ಟು ಅಗಲದ ಪಾತ್ರೆಯನ್ನೂ ಇಡಬೇಡಿ.

ಇಂಡಕ್ಷನ್ ಆಸೆ ಹಲವರಿಗಿದೆ. 12 ವೋಲ್ಟಿನ (ಸರಿಯಾಗಿ ಹೇಳಿದರೆ 12.8) 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವಾಟ್-ಗಂಟೆ ಇರುತ್ತದೆ. 1,200 ವಾಟ್‌ನಲ್ಲಿ ಒಲೆ ಹಚ್ಚಿದರೆ ಒಂದು ಗಂಟೆ ದಾಟುವುದಿಲ್ಲ, ತಂತಿಯಲ್ಲಿ 100 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ಮೂರು ದಿನ ಮಂಜು ಕವಿದರೆ ಸೋಲಾರ್ ತುಂಬುವುದಿಲ್ಲ. ಕೊಡಗಿಗೆ ಗ್ಯಾಸೇ ಸರಿ. ಹೋಂಸ್ಟೇಯವರು 16 ಆಂಪಿಯರ್ ಪ್ಲಗ್ ಕೊಟ್ಟರೆ ಆ ರಾತ್ರಿಗೆ ಇಂಡಕ್ಷನ್ ಹೊರಗೆ ತೆಗೆಯಿರಿ.

ಪಾತ್ರೆ ಪಗಡಿ

3 ಲೀಟರಿನ ಕುಕ್ಕರ್, ಅದರೊಳಗೆ ಕೂರುವ ತೂತಿನ ತಟ್ಟೆ, ಕಬ್ಬಿಣದ ಕಾವಲಿ ಒಂದು, ಮುಚ್ಚಳವಿರುವ ಸ್ಟೀಲ್ ಪಾತ್ರೆ ಎರಡು, ಕಲ್ಲಿನ ಕುಟ್ಟಾಣಿ, ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್ ಎರಡು. ಮಿಕ್ಸಿ ಬೇಡ. ಜೊತೆಗೆ ಒಂದು ಹಳೆಯ ಉಣ್ಣೆ ಕಂಬಳಿ ಮತ್ತು ಕುಕ್ಕರ್ ಸರಿಯಾಗಿ ಕೂರುವ ರಟ್ಟಿನ ಪೆಟ್ಟಿಗೆ. ಈ ಕಂಬಳಿಯ ಉಪಾಯ ನಮ್ಮತ್ತೆಯದು. ಸೌದೆ ಉಳಿಸಲು ಅವರ ತಾಯಿ ಅನ್ನದ ತಪ್ಪಲೆಯನ್ನು ಗೋಣಿಯಲ್ಲಿ ಸುತ್ತಿ ಹುಲ್ಲಿನಲ್ಲಿ ಹುಗಿಯುತ್ತಿದ್ದರಂತೆ. ಒಲೆಯಿಂದ ಇಳಿಸಿದ ಕುಕ್ಕರನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಬೇಯುವ ಕೆಲಸ ಗ್ಯಾಸಿಲ್ಲದೆ ಮುಂದುವರಿಯುತ್ತದೆ. ಒತ್ತಡ ನಿಧಾನವಾಗಿ ಇಳಿಯುವುದರಿಂದ ಭುಸ್ಸೆಂದು ಹಬೆಯೂ ಏಳುವುದಿಲ್ಲ. ತೊಗರಿಬೇಳೆ ಎರಡು ವಿಷಲ್ ಆದ ಮೇಲೆ ಹೀಗೆ ಅರ್ಧ ಗಂಟೆ ಇಟ್ಟರೆ ಬೆಣ್ಣೆಯಂತಾಗುತ್ತದೆ. ಕುಕ್ಕರ್ ಒಲೆಯ ಮೇಲಿರುವಾಗ ಮಾತ್ರ ಕಂಬಳಿ ಹತ್ತಿರ ಸುಳಿಯಕೂಡದು.

ಎತ್ತರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಡಿಕೇರಿಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕಾಳು ಬೇಯಿಸಹೋದರೆ ಗ್ಯಾಸೂ ಹೊತ್ತೂ ದಂಡ. ಕುಕ್ಕರಿನಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಊರಲ್ಲಿ ಹಾಕುವುದಕ್ಕಿಂತ ಒಂದು ವಿಷಲ್ ಹೆಚ್ಚು ಹಾಕಿ. ಹೊರಡುವ ಮುಂಚೆ ಕುಕ್ಕರಿನ ರಬ್ಬರ್ ನೋಡಿ, ಒಂದು ಹೊಸದನ್ನು ಜೊತೆಗಿಟ್ಟುಕೊಳ್ಳಿ.

ಮನೆಯಲ್ಲೇ ಮುಗಿಸಿಕೊಂಡು ಹೋಗುವ ಕೆಲಸ

ಒದ್ದೆ ಕೆಲಸ, ಘಾಟಿನ ಕೆಲಸ ಮನೆಯಲ್ಲೇ ಮುಗಿಯಬೇಕು. ಅರ್ಧ ಕೆಜಿ ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಪೂರ್ತಿ ಆರಿಸಿ, ಗಾಜಿನ ಸೀಸೆಗೆ ತುಂಬಿ ಐಸ್ ಪೆಟ್ಟಿಗೆಯಲ್ಲಿಡಿ. ಶುಂಠಿ ಬೆಳ್ಳುಳ್ಳಿ ಪೇಸ್ಟನ್ನು ಉಪ್ಪು, ಎಣ್ಣೆ ಬೆರೆಸಿ ಅದರ ಪಕ್ಕದಲ್ಲಿಡಿ.

ಮುಖ್ಯವಾದದ್ದು ಕೊಡಗಿನ ಕಪ್ಪು ಮಸಾಲೆ. ಕೊತ್ತಂಬರಿ ಬೀಜ 4 ಚಮಚ, ಕರಿಮೆಣಸು 2 ಚಮಚ, ಜೀರಿಗೆ 1 ಚಮಚ, ಸಾಸಿವೆ ಅರ್ಧ, ಮೆಂತ್ಯ ಕಾಲು ಚಮಚ. ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಕೊತ್ತಂಬರಿ ಕಾಫಿಬೀಜದ ಬಣ್ಣಕ್ಕೆ ತಿರುಗಬೇಕು. ಅದಕ್ಕಿಂತ ಮುಂಚೆ ಇಳಿಸಿದರೆ ಕೊಡಗಿನ ರುಚಿ ಬರುವುದಿಲ್ಲ, ದಾಟಿದರೆ ಕಹಿ. ಆರಿಸಿ ಪುಡಿ ಮಾಡಿ. ಹುರಿಯುವ ಹೊಗೆಯನ್ನೆಲ್ಲ ಮನೆಯ ಅಡುಗೆಮನೆ ತಡೆದುಕೊಳ್ಳುತ್ತದೆ, ವ್ಯಾನಿನ ಹಾಸಿಗೆಗೆ ಅದು ಬೇಡ.

ತೆಂಗಿನ ತುರಿ ಒಂದು ದಿನದಲ್ಲಿ ಹಳಸುತ್ತದೆ. ಇಡೀ ಕಾಯಿ ಒಯ್ಯಿರಿ.

ದಾರಿಯಲ್ಲಿ ಕೊಳ್ಳುವುದು

ತರಕಾರಿಯನ್ನು ಊರಿನಿಂದ ಹೊತ್ತುಕೊಂಡು ಹೋಗಬೇಡಿ. ಕುಶಾಲನಗರದಲ್ಲಿ ಎಲ್ಲವೂ ಸಿಗುತ್ತದೆ. ಮಡಿಕೇರಿಯ ಸಂತೆ ಶುಕ್ರವಾರ. ಜಿಲ್ಲೆಯ ಉತ್ತರಕ್ಕೆ ಹೋದರೆ, ಸಂತೆಯ ದಿನವನ್ನೇ ಹೆಸರಾಗಿ ಇಟ್ಟುಕೊಂಡ ಶನಿವಾರಸಂತೆ ಇದೆ. ಸಿಹಿಗುಂಬಳ, ಕೆಸುವಿನ ಗೆಡ್ಡೆ, ಗಾಂಧಾರಿ ಮೆಣಸು, ಏಲಕ್ಕಿ, ಜೇನು, ಬಾಳೆಹಣ್ಣು ಇಲ್ಲಿಯದೇ ಸಿಕ್ಕರೆ ಬಿಡಬೇಡಿ. ಅಕ್ಕಿ ತರಿಯನ್ನು ಇಲ್ಲಿಯ ಅಂಗಡಿಯಲ್ಲಿ "ಕಡಂಬುಟ್ಟಿಗೆ" ಎಂದು ಕೇಳಿ ತೆಗೆದುಕೊಳ್ಳಿ, ಸರಿಯಾದ ದಪ್ಪದ ತರಿ ಕೊಡುತ್ತಾರೆ.

ಮತ್ತೆ ಕಾಚಂಪುಳಿ. ಪಣಪುಳಿ ಹಣ್ಣಿನ ರಸವನ್ನು ಬತ್ತಿಸಿ ಬತ್ತಿಸಿ ಮಾಡಿದ ಕಪ್ಪು, ಗಟ್ಟಿ ಹುಳಿ ಇದು. ಗಾಜಿನ ಸೀಸೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಕಕ್ಕಬ್ಬೆ ಕಡೆ ನಾವು ಉಳಿದುಕೊಂಡಿದ್ದ ಮನೆಯ ಯಜಮಾನಿ ಒಂದು ಪುಟ್ಟ ಸೀಸೆ ಕೈಗಿಟ್ಟು, "ಚಮಚ ಲೆಕ್ಕದಲ್ಲಿ ಹಾಕ್ಬೇಡ ಮಗಳೇ, ಹನಿ ಲೆಕ್ಕದಲ್ಲಿ ಶುರು ಮಾಡು" ಅಂದಿದ್ದರು. ವ್ಯಾನಿಗೆ ಇದಕ್ಕಿಂತ ಒಳ್ಳೆಯ ಹುಳಿ ಇಲ್ಲ: ಹುಣಸೆ ನೆನೆಸುವ ನೀರು, ಕಿವುಚುವ ಕೈ, ಚರಟ ಎಲ್ಲ ಉಳಿಯಿತು. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಕಿಸಬೇಡಿ.

ಅಣಬೆಯನ್ನು ಅಂಗಡಿಯಿಂದಲೇ ಕೊಳ್ಳಿ. ತೋಟದ ಬದಿಯಲ್ಲಿ ಎದ್ದ ಅಣಬೆ ಎಷ್ಟೇ ಚೆಂದ ಕಂಡರೂ ಕೀಳಬೇಡಿ. ಬಲ್ಲವರಿಗೂ ವಿಷದ್ದು ಒಳ್ಳೆಯದರಂತೆ ಕಾಣುವುದುಂಟು.

ಸಂಜೆಯ ಮೊದಲ ಅಡುಗೆ: ಹುರುಳಿ ಕಟ್ಟಿನ ಸಾರು

ಒಂದೇ ಅಡುಗೆ ಕಲಿಯುವುದಾದರೆ ಇದನ್ನು ಕಲಿಯಿರಿ. ಕೊಡವರು ಹುರುಳಿ ಕಟ್ಟನ್ನು ಬತ್ತಿಸಿ ಮುದ್ರೆ ಕಣ್ಣಿ ಮಾಡುತ್ತಾರೆ, ನಮ್ಮ ಮೈಸೂರು ಕಡೆ ಕಟ್ಟಿನ ಸಾರು ಮಾಡುತ್ತೇವೆ. ಚಳಿಗೆ ಹುರುಳಿ ಅನ್ನುವುದರಲ್ಲಿ ಎರಡೂ ಕಡೆಯವರು ಒಂದೇ.

ಬೆಳಿಗ್ಗೆ ಎಂಟಕ್ಕೆ ಹೊರಡುವಾಗ ಒಂದು ಲೋಟ ಹುರುಳಿಯನ್ನು ಕಲ್ಲು ನೋಡಿ, ತೊಳೆದು, ಅಗಲ ಬಾಯಿಯ ಡಬ್ಬಿಯಲ್ಲಿ ಮೂರು ಲೋಟ ನೀರು ಹಾಕಿ ಮುಚ್ಚಿಡಿ. ನೀವು ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ದಾಟುವಷ್ಟು ಹೊತ್ತೂ ಅದು ನೆನೆಯುತ್ತಿರುತ್ತದೆ. ಸಂಜೆ ನಾಲ್ಕಕ್ಕೆ ಆ ನೀರು ಬಸಿದು, ಹೊಸದಾಗಿ ಐದು ಲೋಟ ನೀರು, ಚಿಟಿಕೆ ಅರಿಸಿನ ಹಾಕಿ ಕುಕ್ಕರ್ ಇಡಿ. ಜೋರು ಉರಿಯಲ್ಲಿ ಮೂರು ವಿಷಲ್, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಆರಿಸಿ ಕಂಬಳಿಯಲ್ಲಿ ಸುತ್ತಿ ನಲವತ್ತು ನಿಮಿಷ ಬಿಡಿ. ಈ ಹೊತ್ತಿನಲ್ಲಿ ಒಲೆ ಖಾಲಿ, ಸ್ಟೀಲ್ ಪಾತ್ರೆಯಲ್ಲಿ ಅನ್ನ ಆಗುತ್ತದೆ. ಒಂದೇ ಒಲೆಯಿದ್ದರೂ ಎರಡು ಒಲೆಯಂತೆ ನಡೆಯುವುದು ಹೀಗೆ.

ಆಮೇಲೆ ಕುಕ್ಕರ್ ತೆರೆದು ಕಟ್ಟನ್ನು ಬೇರೆ ಪಾತ್ರೆಗೆ ಬಸಿಯಿರಿ. ಒಂದು ಹಿಡಿ ಬೆಂದ ಹುರುಳಿಯನ್ನು ಕುಟ್ಟಾಣಿಯಲ್ಲಿ ಅರೆದು ಅದಕ್ಕೇ ಸೇರಿಸಿ, ಸಾರಿಗೆ ಮೈ ಬರುತ್ತದೆ. ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಕರಿಮೆಣಸು, ಒಂದು ಚಮಚ ಜೀರಿಗೆ ಜಜ್ಜಿಕೊಳ್ಳಿ. ಒಂದು ಚಮಚ ತುಪ್ಪದಲ್ಲಿ ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆ, ಅದಕ್ಕೆ ಜಜ್ಜಿದ್ದು, ಘಮ್ಮೆಂದ ಮೇಲೆ ಸೀಸೆಯ ಹುರಿದ ಈರುಳ್ಳಿ ಎರಡು ಚಮಚ, ಆಮೇಲೆ ಕಟ್ಟು. ಉಪ್ಪು ಹಾಕಿ ಒಂದೇ ಕುದಿ. ಇಳಿಸಿದ ಮೇಲೆ ಕಾಚಂಪುಳಿ ಐದಾರು ಹನಿ, ರುಚಿ ನೋಡಿ ಬೇಕಾದರೆ ಇನ್ನೆರಡು. ಮುಕ್ಕಾಲು ಪಾಲನ್ನು ಊಟಕ್ಕಿಟ್ಟು ಉಳಿದದ್ದನ್ನು ಫ್ಲಾಸ್ಕಿಗೆ ಹಾಕಿ. ನಮ್ಮತ್ತೆ ರಾತ್ರಿ ಒಂಬತ್ತಕ್ಕೆ ಲೋಟದಲ್ಲಿ ಇನ್ನೊಂದು ಸಲ ಕುಡಿಯುತ್ತಾರೆ.

ಉಳಿದ ಹುರುಳಿ ಕಾಳನ್ನು ಎಸೆಯುವ ಮಾತೇ ಇಲ್ಲ. ಕಾಯಿತುರಿ, ಹಸಿಮೆಣಸು ಹಾಕಿ ಉಸಲಿ ಮಾಡಿದರೆ ಅದೇ ಊಟಕ್ಕೆ ಪಲ್ಯ.

ಕಡಂಬುಟ್ಟು, ಹೊರಗಿನ ಒಲೆಯಲ್ಲಿ

ಇದು ನನ್ನ ಕಂಬಳಿ ಒದ್ದೆ ಮಾಡಿದ ಅಡುಗೆ. ಬಿಡಲು ಮನಸ್ಸಾಗಲಿಲ್ಲ, ಜಾಗ ಬದಲಿಸಿದೆ. ಈಗ ಟಾರ್ಪಾಲಿನ್ ಕೆಳಗೆ, ಬದಿ ಎಲ್ಲ ತೆರೆದಿರುವ ಕಡೆ, ಬ್ಯುಟೇನ್ ಒಲೆಯಲ್ಲಿ ಮಾಡುತ್ತೇನೆ.

1. ಎರಡು ಲೋಟ ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ತುಪ್ಪ ಕುದಿಯಲಿ.
2. ಒಂದು ಲೋಟ ಅಕ್ಕಿ ತರಿಯನ್ನು ಒಂದು ಕೈಯಲ್ಲಿ ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವಿ. ಗಂಟಾಗಬಾರದು.
3. ನೀರು ಇಂಗಿದ ಕೂಡಲೇ ಒಲೆ ಆರಿಸಿ, ಮುಚ್ಚಿ, ಹತ್ತು ನಿಮಿಷ ಬಿಡಿ. ತರಿ ತನ್ನ ಬಿಸಿಯಲ್ಲೇ ಅರಳುತ್ತದೆ.
4. ಕೈ ಒದ್ದೆ ಮಾಡಿಕೊಂಡು, ಕೈ ತಡೆಯುವಷ್ಟು ಬಿಸಿಯಿರುವಾಗಲೇ ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ ಕಟ್ಟಿ. ಆರಿದರೆ ಒಡೆಯುತ್ತದೆ.
5. ಕುಕ್ಕರಿನಲ್ಲಿ ಎರಡು ಲೋಟ ನೀರು, ತೂತಿನ ತಟ್ಟೆ, ಉಂಡೆ. ವೆಯ್ಟ್ ಹಾಕದೆ 15 ನಿಮಿಷ ಹಬೆ. ಉಂಡೆ ಹೊಳೆಯತೊಡಗಿದರೆ ಆಯಿತು.

ಹಬೆಗಿಟ್ಟ ಬಿಸಿನೀರು ಕುಕ್ಕರಿನ ತಳದಲ್ಲಿ ಉಳಿಯುತ್ತದಲ್ಲ, ಅದನ್ನು ಚೆಲ್ಲಬೇಡಿ. ಪಾತ್ರೆ ತೊಳೆಯಲು ಬೇಕು.

ಜೊತೆಗೆ ಏನು

ಪಂದಿ ಕರಿ ಮಾಡುವವರು ಅರ್ಧ ಕೆಜಿ ಹಂದಿಮಾಂಸವನ್ನು ಅದೇ ದಿನ ಕೊಂಡು ಅದೇ ದಿನ ಬೇಯಿಸಿ. ಉಪ್ಪು, ಅರಿಸಿನ, ಖಾರದ ಪುಡಿ, ಶುಂಠಿ ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ ಇಟ್ಟು, ಹುರಿದ ಈರುಳ್ಳಿ, ಅರ್ಧ ಲೋಟ ನೀರಿನೊಂದಿಗೆ ಕುಕ್ಕರಿನಲ್ಲಿ ನಾಲ್ಕು ವಿಷಲ್. ಎಣ್ಣೆ ಬೇಡ, ಅದರ ಕೊಬ್ಬೇ ಸಾಕು. ತೆರೆದು, ಕಪ್ಪು ಮಸಾಲೆ ಒಂದೂವರೆ ಚಮಚ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಕೊನೆಗೆ ಕಾಚಂಪುಳಿ ಒಂದು ಚಮಚ. ಬಣ್ಣ ಕಪ್ಪಗಾಗಿ ಎಣ್ಣೆ ಬಿಟ್ಟಾಗ ಇಳಿಸಿ. ಮಸಾಲೆ ಮೊದಲೇ ಹಾಕಿ ಕುಕ್ಕರ್ ಮುಚ್ಚಿದರೆ ತಳ ಹಿಡಿದು ಕಹಿಯಾಗುತ್ತದೆ.

ಮಾಂಸ ತಿನ್ನದವರಿಗೆ ಇದೇ ಮಸಾಲೆಯಲ್ಲಿ ಅಂಗಡಿಯ ಅಣಬೆ. ಕುಕ್ಕರ್ ಬೇಡ, ಬಾಡಿಸಿದರೆ ಹತ್ತೇ ನಿಮಿಷ.

ಸಿಹಿಗುಂಬಳದ ಕರಿಗೆ ಮಾತ್ರ ಈ ಹೊತ್ತಿನಲ್ಲಿ ವಿಶೇಷ ಸ್ಥಾನ. ಅಕ್ಟೋಬರ್ 17ರ ಆಸುಪಾಸಿಗೆ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ. ಆಗ ಕೊಡವ ಮನೆಗಳಲ್ಲಿ ಸಸ್ಯಾಹಾರ, ದೋಸೆಯ ಜೊತೆ ತರಕಾರಿ ಕರಿ, ಬಹಳ ಕಡೆ ಅದು ಕುಂಬಳದ್ದೇ. ಕಾಲು ಕೆಜಿ ಕುಂಬಳವನ್ನು ಸಿಪ್ಪೆ ಸಮೇತ ದಪ್ಪಗೆ ಹೆಚ್ಚಿ, ಹುರಿದ ಈರುಳ್ಳಿ, ಸೀಳಿದ ಹಸಿಮೆಣಸು, ಅರಿಸಿನ, ಉಪ್ಪು, ಕಾಲು ಲೋಟ ನೀರು ಹಾಕಿ ಮುಚ್ಚಿ ಬೇಯಿಸಿ. ಬೆಂದ ಮೇಲೆ ಅಡಿಕೆ ಗಾತ್ರದ ಬೆಲ್ಲ, ಒಂದು ಹಿಡಿ ಕಾಯಿತುರಿ, ಸಾಸಿವೆ ಒಗ್ಗರಣೆ. ಆ ದಿನಗಳಲ್ಲಿ ಭಾಗಮಂಡಲ, ತಲಕಾವೇರಿಯ ಸುತ್ತ ವ್ಯಾನ್ ನಿಲ್ಲಿಸಿದವರು ಮಾಂಸದ ಅಡುಗೆಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಭಕ್ತರ ನಡುವೆ ನಾವು ಅತಿಥಿಗಳು.

ಉಳಿದ ಅನ್ನ, ಬೆಳಗಿನ ಒಟ್ಟಿ

ರಾತ್ರಿ ಚಳಿಯಿದೆ, ಅನ್ನ ಹೊರಗಿದ್ದರೂ ಕೆಡುವುದಿಲ್ಲ ಅಂದುಕೊಳ್ಳಬೇಡಿ. ಅಕ್ಟೋಬರಿನ ಮಡಿಕೇರಿಯ ರಾತ್ರಿ ಹದಿನಾರು, ಹದಿನೇಳು ಡಿಗ್ರಿ ಇರಬಹುದು. ಅಡುಗೆ ಇಡಬೇಕಾದದ್ದು 5 ಡಿಗ್ರಿಯೊಳಗೆ. ಅನ್ನದಲ್ಲಿ ಹುಟ್ಟುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಡಬ್ಬಿಗೆ ತುಂಬಿ ಐಸ್ ಪೆಟ್ಟಿಗೆಗೆ ಸೇರಿಸಿ.

ಬೆಳಿಗ್ಗೆ ಅದೇ ಅನ್ನದಿಂದ ಅಕ್ಕಿ ಒಟ್ಟಿ, ಅಂದರೆ ಕೊಡಗಿನ ಅಕ್ಕಿ ರೊಟ್ಟಿ. ಒಂದು ಲೋಟ ಅನ್ನವನ್ನು ಚೆನ್ನಾಗಿ ಕಿವುಚಿ, ಸುಮಾರು ಒಂದು ಲೋಟ ಅಕ್ಕಿಹಿಟ್ಟು, ಉಪ್ಪು, ಬೇಕಾದಷ್ಟು ಬಿಸಿನೀರು ಹಾಕಿ ನಾದಿ. ತೆಳ್ಳಗೆ ತಟ್ಟಿ ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿ, ಕೊನೆಗೆ ಉರಿಯ ಮೇಲೆ ನೇರ ಹಿಡಿದರೆ ಉಬ್ಬುತ್ತದೆ. ವ್ಯಾನಿಗೆ ಇದಕ್ಕಿಂತ ಒಗ್ಗುವ ತಿಂಡಿ ನಾನು ಕಂಡಿಲ್ಲ: ಎಣ್ಣೆಯಿಲ್ಲ, ಆವಿ ಕಡಿಮೆ, ಜೇನು, ಚಟ್ನಿ, ರಾತ್ರಿಯ ಕರಿ ಯಾವುದಕ್ಕೂ ಸೇರುತ್ತದೆ. ಮೊದಲ ಎರಡು ಹರಿದರೆ ಬೇಸರ ಬೇಡ, ಹಿಟ್ಟಿಗೆ ಇನ್ನಷ್ಟು ನಾದುವಿಕೆ ಬೇಕು ಅಷ್ಟೇ.

ಮಗುವಿಗೋ ಹಿರಿಯರಿಗೋ ಗಂಜಿ ಬೇಕಾದರೆ ಫ್ಲಾಸ್ಕ್ ಇದೆ. ಫ್ಲಾಸ್ಕಿಗೆ ಕುದಿನೀರು ತುಂಬಿ ಹತ್ತು ನಿಮಿಷ ಬಿಸಿ ಮಾಡಿ ಚೆಲ್ಲಿ. ಅರ್ಧ ಲೋಟ ಅಕ್ಕಿ ನುಚ್ಚನ್ನು ನಾಲ್ಕು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಕುದಿಯುತ್ತಿರುವಾಗಲೇ ಫ್ಲಾಸ್ಕಿಗೆ ಸುರಿದು ಮುಚ್ಚಿ. ಎರಡು ಗಂಟೆಯಲ್ಲಿ ಗಂಜಿ. ಇಡೀ ರಾತ್ರಿ ಬಿಡಬೇಡಿ. ತೆರೆದಾಗ ಹೊಗೆಯಾಡುವಷ್ಟು ಬಿಸಿಯಿಲ್ಲದಿದ್ದರೆ ಬಳಸಬೇಡಿ.

ತೊಳೆಯುವುದು, ನೀರು, ಕಸ

ಮೂವರಿಗೆ ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ ದಿನಕ್ಕೆ 20 ಲೀಟರಿನ ಒಂದು ಕ್ಯಾನ್ ಬೇಕಾಗುತ್ತದೆ. ಜಿಡ್ಡಿನ ಪಾತ್ರೆಯನ್ನು ಮೊದಲು ಹಳೆಯ ಪೇಪರಿನಿಂದ ಒರೆಸಿ, ಆಮೇಲೆ ಕಡಂಬುಟ್ಟಿನ ಬಿಸಿನೀರು, ಆಮೇಲೆ ಸ್ವಲ್ಪ ಸೋಪು. ಪಂದಿಯ ಕೊಬ್ಬು ತಣ್ಣನೆಯ ಪೈಪಿನಲ್ಲಿ ಮೇಣದಂತೆ ಕಟ್ಟಿಕೊಳ್ಳುತ್ತದೆ, ಸಿಂಕಿಗೆ ಸುರಿಯಬೇಡಿ. ತೊಳೆದ ನೀರನ್ನು ಬಕೆಟಿನಲ್ಲಿ ಹಿಡಿದು ಮನೆಯವರು ತೋರಿಸಿದ ಕಡೆ ಚೆಲ್ಲಿ. ಹೊಳೆಯಲ್ಲಿ, ತೋಡಿನಲ್ಲಿ ಪಾತ್ರೆ ಅದ್ದಲೇಬೇಡಿ. ಇಲ್ಲಿ ಹುಟ್ಟುವ ಕಾವೇರಿಯ ನೀರನ್ನೇ ನಾವು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿ ಕುಡಿಯುವುದು.

ಕಸವೆಲ್ಲ ಮುಚ್ಚಳವಿರುವ ಡಬ್ಬದಲ್ಲಿ, ವ್ಯಾನಿನ ಒಳಗೆ. ಬಾಳೆಸಿಪ್ಪೆಯನ್ನು ಕೂಡ ಆಚೆ ಎಸೆಯಬೇಡಿ. ಹಗಲಿಗೆ ಮಂಗ, ರಾತ್ರಿಗೆ ಹಂದಿ, ಆನೆ ಬರಲು ಅಷ್ಟು ಸಾಕು. ಟಾರ್ಪಾಲಿನ್ ಕೆಳಗೆ ಕೂತು ಅಡುಗೆ ಮಾಡುವಾಗ ಜಿಗಣೆಯನ್ನು ನೋಡಿಕೊಳ್ಳಿ. ಅಕ್ಟೋಬರಿನಲ್ಲಿ ಇನ್ನೂ ಇರುತ್ತವೆ, ಕಾಲ ಬಳಿ ಉಪ್ಪಿನ ಚಿಕ್ಕ ಗಂಟು ಇರಲಿ.

ಮಲಗುವ ಮುಂಚೆ, ಬೆಳಗಿನ ಕಾಫಿಗೆ

ಮಲಗುವ ಮುಂಚೆ ಗಾಜು ಒರೆಸಿ, ರೆಗ್ಯುಲೇಟರ್ ಮುಚ್ಚಿ, ಒಂದು ಕಿಟಕಿ ಎರಡು ಬೆರಳಷ್ಟು ತೆಗೆದಿಡಿ. ಉಸಿರಿನ ತೇವವೂ ಹೊರಗೆ ಹೋಗಬೇಕು. ಕಾಫಿಯ ಪಾತ್ರೆ, ಜಜ್ಜಿದ ಏಲಕ್ಕಿ, ಬೆಲ್ಲ, ಪುಡಿ ಎಲ್ಲವನ್ನೂ ಒಲೆಯ ಪಕ್ಕ ತೆಗೆದಿಟ್ಟುಕೊಳ್ಳಿ. ಬೆಳಗಿನ ಕತ್ತಲಲ್ಲಿ ಹುಡುಕುತ್ತ ಕೂತರೆ ಎಲ್ಲರ ನಿದ್ದೆ ಹಾಳು.

ಎದ್ದ ಕೂಡಲೇ ಬಾಗಿಲು ತೆರೆದು ಒಲೆ ಹಚ್ಚಿ. ನಾಲ್ಕು ಲೋಟ ನೀರಿಗೆ ನಿಂಬೆ ಗಾತ್ರದ ಬೆಲ್ಲ. ಕರಗಿ ಕುದಿ ಬಂದ ಮೇಲೆ ಮೂರು ಚಮಚ ಕಾಫಿಪುಡಿ, ಎರಡು ಏಲಕ್ಕಿ, ನಾಲ್ಕು ಕಾಳು ಮೆಣಸು. ಒಂದು ಉಕ್ಕು ಬಂದೊಡನೆ ಇಳಿಸಿ ಮುಚ್ಚಿ, ಚರಟ ತಳಕ್ಕೆ ಕೂರಲು ಐದು ನಿಮಿಷ ಬಿಡಿ. ಹಾಲು ಬೇಕೆನ್ನುವವರು ಬೆಲ್ಲದ ಜೊತೆ ಕುದಿಸಬೇಡಿ, ಒಡೆಯುತ್ತದೆ. ಲೋಟಕ್ಕೆ ಸೋಸಿದ ಮೇಲೆ ಬಿಸಿ ಹಾಲು ಬೆರೆಸಿ. ಸೋಸಿ ಉಳಿದ ಕಾಫಿ ಫ್ಲಾಸ್ಕಿಗೆ. ನಮ್ಮತ್ತೆ ಮೊದಲ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರುತ್ತಾರೆ. ಎದುರಿನ ಕಾಫಿಗಿಡಗಳ ಮೇಲೆ ಮಂಜು ಇನ್ನೂ ಎದ್ದಿರುವುದಿಲ್ಲ. ಒಳಗೆ ಕಾವಲಿ ಕಾಯುತ್ತಿರುತ್ತದೆ, ಒಟ್ಟಿ ತಟ್ಟಲು ನನಗದು ಸರಿಯಾದ ಹೊತ್ತು.